ಮಣೆ ಹಾಕಿದ ಮೇಲೆ

ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ಹರಡದಂತೆ ಹೊಸ ಸಿರಿಂಜು ಹಂಚುವ ಯೋಜನೆ ಹಾಳಾಗಲು ದೊಡ್ಡ ಹಗರಣವೇನೂ ಬೇಕಿಲ್ಲ. ಖರೀದಿ ಸಮಿತಿ ತಪ್ಪು ಅಳತೆಯ ಸಿರಿಂಜು ಆರಿಸಿದರೆ ಸಾಕು. ಹೆರಾಯಿನ್ ಬಳಸುವವರು ಸಾಮಾನ್ಯವಾಗಿ ಕೇಳುವುದು 1 ಎಂಎಲ್‌ನ, ಸೂಜಿ ಸೇರಿಕೊಂಡೇ ಬರುವ ಇನ್ಸುಲಿನ್ ಸಿರಿಂಜು. ಔಷಧದಂಗಡಿಯ ಆಂಪೂಲ್‌ಗಳನ್ನು (ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆಗಳನ್ನು) ಬೆರೆಸಿ ಚುಚ್ಚಿಕೊಳ್ಳುವವರಿಗೆ ಅದು ಎಲ್ಲಿಗೂ ಸಾಲದು. ಅವರಿಗೆ 2 ಅಥವಾ 5 ಎಂಎಲ್‌ನದೇ ಬೇಕು. ಮೊದಲನೆಯವರ ಕೈಗೆ ದೊಡ್ಡದು ಕೊಟ್ಟರೆ ಸಿರಿಂಜಿಗೂ ಸೂಜಿಗೂ ನಡುವಿನ ಸಂದಿನಲ್ಲಿ ಮದ್ದೂ ಉಳಿಯುತ್ತದೆ, ರಕ್ತವೂ ಉಳಿಯುತ್ತದೆ. ಹಂಚಿಕೊಂಡಾಗ ಎಚ್‌ಐವಿ ದಾಟುವ ಅಪಾಯವನ್ನು ಹೆಚ್ಚಿಸುವುದು ಆ ಸಂದಿನ ರಕ್ತ. ಎರಡನೆಯವರ ಕೈಗೆ ಚಿಕ್ಕದು ಕೊಟ್ಟರೆ ಒಂದು ಬಾರಿ ಮುಗಿಯುವ ಕೆಲಸಕ್ಕೆ ನಾಲ್ಕೈದು ಬಾರಿ ನರ ಹುಡುಕಬೇಕು. ಇಬ್ಬರೂ ಯೋಜನೆಯ ಸಿರಿಂಜನ್ನು ಬದಿಗಿಟ್ಟು ಗೆಳೆಯನ ಹಳೆಯದಕ್ಕೆ ಕೈ ಚಾಚುತ್ತಾರೆ. ರಿಜಿಸ್ಟರಿನಲ್ಲಿ ಮಾತ್ರ ‘ಹಂಚಲಾಗಿದೆ’ ಎಂದು ಬರೆದಿರುತ್ತದೆ. ಇದು ಗೊತ್ತಿರುವುದು ದಿನಾ ಚುಚ್ಚಿಕೊಳ್ಳುವವರಿಗೆ. ಖರೀದಿ ಸಮಿತಿಯಲ್ಲಿ ಅವರು ಇರುವುದಿಲ್ಲ.

ಮಾದಕ ವಸ್ತು ಬಳಸುವವರನ್ನು ಕೆಲಸಕ್ಕೆ, ಸಂಶೋಧನೆಗೆ, ನೀತಿ ರೂಪಿಸುವ ಸಭೆಗೆ ಸೇರಿಸಿಕೊಳ್ಳಬೇಕು ಎನ್ನುವವರು ಕೊಡುವ ಕಾರಣ ಸಾಮಾನ್ಯವಾಗಿ ಇದೇ: ಅವರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ. ಮಾತು ನಿಜ, ಆದರೆ ಅರ್ಧ ಮಾತ್ರ. ಅಲ್ಲಿಗೇ ನಿಂತರೆ ಅವರು ಬರೀ ಮಾಹಿತಿದಾರರಾಗುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಟ್ಟು, ಊಟ ಮಾಡಿ, ಎದ್ದು ಹೋಗುತ್ತಾರೆ. ಇನ್ನರ್ಧ ಹಕ್ಕಿನ ಮಾತು. ಕಾನೂನಿನ ಏಟು ಯಾರ ಬೆನ್ನಿಗೆ ಬೀಳುತ್ತದೋ ಅವರಿಗೆ ಆ ಕಾನೂನಿನ ಬಗ್ಗೆ ದನಿ ಇರಬೇಕು. ಅವರಿಂದ ನಮಗೆ ಉಪಯೋಗವಾದರೂ ಸರಿ, ಆಗದಿದ್ದರೂ ಸರಿ. ನಮ್ಮಲ್ಲಿ ಗೌರವ ತೋರಿಸುವುದಕ್ಕೆ ‘ಮಣೆ ಹಾಕುವುದು’ ಎನ್ನುತ್ತೇವೆ. ಮಣೆ ಹಾಕುವುದು ಸುಲಭ. ಎಲೆಗೆ ಏನು ಬಡಿಸಿದಿರಿ, ಯಾವ ಪಂಕ್ತಿಯಲ್ಲಿ ಕೂರಿಸಿದಿರಿ, ಊಟವಾದ ಮೇಲೆ ಅವರನ್ನು ಯಾರ ಬಾಯಿಗೆ ಬಿಟ್ಟಿರಿ ಎಂಬುದು ಆಮೇಲಿನ ಪ್ರಶ್ನೆ. ಅದಕ್ಕೆ ಉತ್ತರ ಘೋಷಣಾಪತ್ರಗಳಲ್ಲಿ ಸಿಗುವುದಿಲ್ಲ. ವೋಚರಿನಲ್ಲಿ, ಹಾಜರಿ ಪುಸ್ತಕದಲ್ಲಿ, ಸಭೆಯ ಗಡಿಯಾರದಲ್ಲಿ ಸಿಗುತ್ತದೆ.

ಘೋಷಣಾಪತ್ರಗಳಿಗೇನೂ ಬರವಿಲ್ಲ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಬಾಧಿತರು ತಮ್ಮನ್ನು ‘ಬಲಿಪಶು’ ಎಂದು ಕರೆಯಬೇಡಿ, ತೀರ್ಮಾನ ಮಾಡುವ ಜಾಗದಲ್ಲಿ ಕೂರಿಸಿ ಎಂದರು. 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳು ಅದೇ ಮಾತಿಗೆ ಸಹಿ ಹಾಕಿದವು. 2021ರಲ್ಲಿ ವಿಶ್ವಸಂಸ್ಥೆಯ ರಾಜಕೀಯ ಘೋಷಣೆ ಲೆಕ್ಕವನ್ನೇ ಕೊಟ್ಟಿತು. ಅಪಾಯದಲ್ಲಿರುವ ಸಮುದಾಯಗಳಿಗೆ ತಲುಪುವ ಎಚ್‌ಐವಿ ತಡೆ ಸೇವೆಗಳಲ್ಲಿ ಶೇ. 80ರಷ್ಟನ್ನು 2025ರ ಹೊತ್ತಿಗೆ ಆ ಸಮುದಾಯಗಳ ಸಂಘಟನೆಗಳೇ ನಡೆಸಬೇಕು ಎಂದಿತು.

ಇವೆಲ್ಲಕ್ಕಿಂತ ಪಾಠ ಹೇಳುವುದು ಆ್ಯಮ್‌ಸ್ಟರ್‌ಡ್ಯಾಮ್‌ನ 1984ರ ಘಟನೆ. ಊರ ನಡುವಿನ ಔಷಧದಂಗಡಿಯೊಂದು ಬಳಕೆದಾರರಿಗೆ ಸಿರಿಂಜು ಮಾರುವುದನ್ನು ನಿಲ್ಲಿಸಿತು. ಹೆಪಟೈಟಿಸ್ ಬಿ ಹರಡುವ ಭಯವಿತ್ತು. ಡಚ್ ಬಳಕೆದಾರರು ತಮ್ಮ ಸಂಘಕ್ಕೆ ‘ಜಂಕಿಬಾಂಡ್’, ಅಂದರೆ ‘ಜಂಕಿಗಳ ಸಂಘ’ ಎಂದು ಹೆಸರಿಟ್ಟುಕೊಂಡಿದ್ದರು. ಬೈಗುಳವನ್ನೇ ಬಿರುದು ಮಾಡಿಕೊಂಡ ಹೆಸರು ಅದು. ಆ ಸಂಘ ನಗರದ ಆರೋಗ್ಯ ಇಲಾಖೆಯ ಜತೆ ಮಾತಾಡಿ ಹಳೆಯದಕ್ಕೆ ಹೊಸ ಸಿರಿಂಜು ಕೊಡುವ ಕೆಲಸ ಶುರು ಮಾಡಿತು. ಇಲಾಖೆ ಸಿರಿಂಜು ಕೊಟ್ಟಿತು, ಹಂಚಿದವರು ಬಳಕೆದಾರರು. ಜಗತ್ತಿನ ಎಷ್ಟೋ ನಗರಗಳು ಆಮೇಲೆ ನಕಲು ಮಾಡಿದ ಸೂಜಿ-ಸಿರಿಂಜು ಯೋಜನೆಯನ್ನು ಯಾರೂ ಅವರಿಗೆ ‘ಅವಕಾಶ ಕೊಟ್ಟು’ ಮಾಡಿಸಲಿಲ್ಲ. ಅವರೇ ಮಾಡಿದರು, ಸರ್ಕಾರ ಸೇರಿಕೊಂಡಿತು. ಕೆನಡಾದ ವ್ಯಾಂಕೂವರ್‌ನಲ್ಲಿ 1997ರ ಸುಮಾರಿಗೆ ಹುಟ್ಟಿದ ‘ವ್ಯಾಂಡು’ ಎಂಬ ಬಳಕೆದಾರರ ಸಂಘ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮತ ಹಾಕುವ ಹಕ್ಕು ಬಳಸುವ ಅಥವಾ ಹಿಂದೆ ಬಳಸುತ್ತಿದ್ದ ಸದಸ್ಯರಿಗೆ ಮಾತ್ರ. ಬೆಂಬಲಿಗರು ಬರಬಹುದು, ಮತವಿಲ್ಲ. ಮೇಲ್ವಿಚಾರಣೆಯಲ್ಲಿ ಚುಚ್ಚಿಕೊಳ್ಳುವ ಕೇಂದ್ರ ಆ ನಗರದಲ್ಲಿ 2003ರಲ್ಲಿ ತೆರೆಯಿತು. ಅದನ್ನು ಮುಚ್ಚಿಸಲು ಕೇಂದ್ರ ಸರ್ಕಾರ ಹೊರಟಾಗ ನ್ಯಾಯಾಲಯದಲ್ಲಿ ನಿಂತವರಲ್ಲಿ ಈ ಸಂಘವೂ ಇತ್ತು. 2011ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕೇಂದ್ರ ಉಳಿಯಬೇಕೆಂದರು.

ನಮ್ಮ ದೇಶದಲ್ಲಿ ಈ ಕಥೆ ಮಣಿಪುರದಿಂದ ಶುರುವಾಗುತ್ತದೆ. 1989ರ ಶರತ್ಕಾಲದ ತನಕ ಅಲ್ಲಿ ಚುಚ್ಚಿಕೊಳ್ಳುವವರ ರಕ್ತದಲ್ಲಿ ಎಚ್‌ಐವಿ ಕಂಡಿರಲಿಲ್ಲ. ಆರೇಳು ತಿಂಗಳಲ್ಲಿ ಪರೀಕ್ಷಿಸಿದವರಲ್ಲಿ ಅರ್ಧದಷ್ಟು ಜನರಲ್ಲಿ ಕಂಡಿತು. ಮೊದಲು ಬೀದಿಗಿಳಿದು ಕೆಲಸ ಮಾಡಿದವರಲ್ಲಿ ಬಳಕೆದಾರರೂ ಬಳಸಿ ಬಿಟ್ಟವರೂ ಇದ್ದರು. ಮುಂದೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಟಿಐ ಯೋಜನೆಗಳಲ್ಲಿ, ಅಂದರೆ ಹೆಚ್ಚು ಅಪಾಯದಲ್ಲಿರುವವರಿಗೆಂದೇ ನಡೆಯುವ ಎಚ್‌ಐವಿ ತಡೆ ಯೋಜನೆಗಳಲ್ಲಿ, ಇದು ನಿಯಮವಾಯಿತು. ಚುಚ್ಚಿಕೊಳ್ಳುವ 40 ಜನರಿಗೆ ಒಬ್ಬ ಪೀರ್ ಎಜುಕೇಟರ್ (ಬೀದಿಯಲ್ಲಿ ಮಾಹಿತಿ, ಸಿರಿಂಜು ತಲುಪಿಸುವ ಕಾರ್ಯಕರ್ತ), ಅವರೂ ಅದೇ ಸಮುದಾಯದವರು. ಕಾನೂನಿನ ಅಂಗಳದಲ್ಲೂ ಒಂದು ಗೆಲುವಿದೆ. ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕೆಲವು ಅಪರಾಧಗಳನ್ನು ಎರಡನೇ ಸಲ ಮಾಡಿದರೆ ಮರಣದಂಡನೆ ಕಡ್ಡಾಯ ಎಂದಿತ್ತು. ಅದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಹೋದದ್ದು ಬಳಕೆಯ ಹಾನಿ ತಗ್ಗಿಸಲು ದುಡಿಯುವ ಸಂಸ್ಥೆಗಳ ಒಕ್ಕೂಟವಾದ ಇಂಡಿಯನ್ ಹಾರ್ಮ್ ರಿಡಕ್ಷನ್ ನೆಟ್‌ವರ್ಕ್. 2011ರಲ್ಲಿ ಆ ‘ಕಡ್ಡಾಯ’ ಬಿದ್ದುಹೋಯಿತು, 2014ರ ತಿದ್ದುಪಡಿಯಲ್ಲಿ ಸಂಸತ್ತೂ ಅದನ್ನು ಒಪ್ಪಿತು.

ಈಗ ಬಳಕೆದಾರರನ್ನು ಕರೆಯುವ ಸಭೆಗೆ ಬರೋಣ.

ಆಮಂತ್ರಣ ಪತ್ರದಲ್ಲಿ ‘ಬೆಳಿಗ್ಗೆ 10ಕ್ಕೆ’ ಎಂದಿರುತ್ತದೆ. ಹೆರಾಯಿನ್ ಅಭ್ಯಾಸವಾದವರಿಗೆ ಕೊನೆಯ ಬಾರಿ ಬಳಸಿದ 6ರಿಂದ 12 ಗಂಟೆಯೊಳಗೆ ಮೈಕೈ ನೋವು, ಬೆವರು, ಹೊಟ್ಟೆ ತೊಳಸುವುದು ಶುರುವಾಗುತ್ತದೆ. ರಾತ್ರಿ ಬಳಸಿ ಮಲಗಿದವರಿಗೆ ಬೆಳಗಿನ 10 ಗಂಟೆ ಎಂದರೆ ಮೈ ಕೈಕೊಡುವ ಹೊತ್ತು. ಹೆರಾಯಿನ್ನಿನ ಬದಲಿಗೆ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವ ಒಎಸ್‌ಟಿ ಚಿಕಿತ್ಸೆಯಲ್ಲಿರುವವರ ಪಾಡು ಬೇರೆ. ಸಾಮಾನ್ಯವಾಗಿ ದಿನಾ ಕೇಂದ್ರಕ್ಕೆ ಹೋಗಿ, ನರ್ಸಿನ ಕಣ್ಣೆದುರೇ ಮಾತ್ರೆಯನ್ನು ನಾಲಗೆಯಡಿ ಇಟ್ಟು, ಪೂರ್ತಿ ಕರಗುವ ತನಕ ಕೂತಿರಬೇಕು. ಸಭೆ ಇನ್ನೊಂದು ಊರಿನಲ್ಲಿ ಇದ್ದರೆ ಸಭೆಯೋ ಮಾತ್ರೆಯೋ ಎಂದು ಆರಿಸಿಕೊಳ್ಳಬೇಕಾಗುತ್ತದೆ. (2020ರ ಲಾಕ್‌ಡೌನಿನಲ್ಲಿ ಮಾತ್ರೆಯನ್ನು ಮನೆಗೆ ಕೊಡಲು ಅನುಮತಿ ಸಿಕ್ಕಿತು. ಬರುವವರ ಅನುಕೂಲಕ್ಕೆ ಸಡಿಲವಾಗದ ನಿಯಮ ವೈರಸ್ಸಿನ ಕಾರಣಕ್ಕೆ ಸಡಿಲವಾಯಿತು ನೋಡಿ.) ಹಾಗಾಗಿ ಸಭೆ ಕರೆಯುವವರು ಮೊದಲು ಕೇಳಬೇಕಾದದ್ದು ‘ನಿಮಗೆ ಯಾವ ಹೊತ್ತು ಆಗುತ್ತದೆ’ ಎಂದು. ಮಧ್ಯಾಹ್ನ 12ರ ನಂತರ ಇಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಒಎಸ್‌ಟಿಯವರಾದರೆ ಸಭೆ ನಡೆಯುವ ಊರಿನ ಕೇಂದ್ರದಲ್ಲಿ ಆ ದಿನದ ಮಾತ್ರೆ ಸಿಗುವಂತೆ ಇಬ್ಬರು ವೈದ್ಯರ ನಡುವೆ ಪತ್ರ ಓಡಾಡಬೇಕು. ಇದಕ್ಕೆ ಕಡಿಮೆಯೆಂದರೂ ಒಂದು ವಾರ ಹಿಡಿಯುತ್ತದೆ, ಹಿಂದಿನ ಸಂಜೆ ಫೋನು ಮಾಡಿದರೆ ಆಗುವ ಕೆಲಸವಲ್ಲ. ಒಂದೂಕಾಲು ಗಂಟೆಗೊಮ್ಮೆ ಬಿಡುವು ಕೊಡಿ. ಬಿಡುವಿನಲ್ಲಿ ಯಾರು ಎಲ್ಲಿಗೆ ಹೋದರು ಎಂದು ಲೆಕ್ಕ ಇಡಬೇಡಿ.

ಸಭಾಂಗಣದ ನಿಯಮವನ್ನು ಮೊದಲೇ, ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿಬಿಡಬೇಕು: ಒಳಗೆ ಮಾಲು ತರುವುದು, ಕೊಡುವುದು, ಬಳಸುವುದು ಇಲ್ಲ. ಇದು ಮಡಿವಂತಿಕೆಯ ಮಾತಲ್ಲ. ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಪ್ರಕಾರ ಗೊತ್ತಿದ್ದೂ ತನ್ನ ಜಾಗವನ್ನು ಅಪರಾಧಕ್ಕೆ ಬಿಟ್ಟವರೂ ಅಪರಾಧಿಗಳು. ಸಿಕ್ಕಿಬೀಳುವುದು ಡ್ರಾಪ್-ಇನ್ ಸೆಂಟರ್ (ಬಳಕೆದಾರರು ಬಂದು ಕೂತು ಸೇವೆ ಪಡೆಯುವ ಜಾಗ) ನಡೆಸುವ ಸಂಸ್ಥೆ. ಹಾಗೆಂದು ಬಾಗಿಲಲ್ಲಿ ಚೀಲ ತಡಕಬಾರದು. ತಡಕಿದಾಗ ಏನಾದರೂ ಸಿಕ್ಕರೆ ನಿಮಗೆ ‘ಗೊತ್ತಾಯಿತು’. ಸಿಗದಿದ್ದರೆ ಕರೆದ ಅತಿಥಿಯನ್ನು ಕಳ್ಳನಂತೆ ನೋಡಿದಿರಿ. ಎರಡರಲ್ಲೂ ನಷ್ಟವೇ. ಶೌಚಾಲಯದಲ್ಲಿ ಸೂಜಿ ಹಾಕಲು ಗಟ್ಟಿ ಡಬ್ಬಿ ಇಡಿ, ಕಸದ ಬುಟ್ಟಿ ಎತ್ತುವ ಕೆಲಸದವರ ಕೈ ಉಳಿಯುತ್ತದೆ. ಹತ್ತಿರದಲ್ಲಿ ನಲೊಕ್ಸೋನ್ ಇಂಜೆಕ್ಷನ್ ಇರುವ ನರ್ಸ್ ಅಥವಾ ವೈದ್ಯರು ಇದ್ದರೆ ಮೇಲು. ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತುಗಳ ಓವರ್‌ಡೋಸಿನಲ್ಲಿ ಉಸಿರು ನಿಂತವರನ್ನು ಮರಳಿ ತರಬಲ್ಲ ಮದ್ದು ಅದು. ಅಮೆರಿಕದ ಶಿಕಾಗೊದಲ್ಲಿ 1996ರಿಂದ ಅದನ್ನು ನೇರವಾಗಿ ಬಳಕೆದಾರರ ಕೈಗೇ ಕೊಡತೊಡಗಿದರು. ಕಾರಣ ಸರಳ: ಒಬ್ಬ ಬಿದ್ದಾಗ ಪಕ್ಕದಲ್ಲಿರುವವನು ಡಾಕ್ಟರಲ್ಲ, ಇನ್ನೊಬ್ಬ ಬಳಕೆದಾರ.

ಹಾಜರಿ ಪುಸ್ತಕ ನೋಡಲು ಸಾಧು ಪ್ರಾಣಿ. ಹೆಸರು, ಸಂಸ್ಥೆ, ಫೋನ್ ನಂಬರು, ಸಹಿ. ‘ಸಂಸ್ಥೆ’ ಎಂಬ ಕಾಲಂನಲ್ಲಿ ಯಾರೋ ‘ಐಡಿಯು’ ಎಂದು ಬರೆದುಬಿಡುತ್ತಾರೆ, ಚುಚ್ಚಿಕೊಳ್ಳುವವರು ಎಂಬುದಕ್ಕೆ ಯೋಜನೆಯ ಅಡ್ಡಹೆಸರು. ನಮ್ಮಲ್ಲಿ ಬಳಸುವುದೇ ಅಪರಾಧ. 27ನೇ ಕಲಂ ಪ್ರಕಾರ ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದ ತನಕ ಕಠಿಣ ಸಜೆ ಅಥವಾ 20,000 ರೂಪಾಯಿಯ ತನಕ ದಂಡ ಅಥವಾ ಎರಡೂ; ಉಳಿದವಕ್ಕೆ ಆರು ತಿಂಗಳು, 10,000 ರೂಪಾಯಿ. ಸಭೆಯಲ್ಲಿ ಆಡಿದ ಮಾತೊಂದರಿಂದಲೇ ಶಿಕ್ಷೆಯಾಗಲಾರದು, ಅದಕ್ಕೆ ಸಾಕ್ಷ್ಯ ಬೇಕು. ಆದರೆ ಠಾಣೆಯವರ ಕಣ್ಣಿಗೆ ಬೀಳಲು ಸಾಕ್ಷ್ಯ ಬೇಕಿಲ್ಲ. ಕಾಯ್ದೆಯ 67ನೇ ಕಲಂ ತನಿಖಾಧಿಕಾರಿಗೆ ಯಾರಿಂದಲಾದರೂ ಮಾಹಿತಿ, ದಾಖಲೆ ಕೇಳುವ ಅಧಿಕಾರ ಕೊಡುತ್ತದೆ. ಆ ಕಲಮಿನಡಿ ಪಡೆದ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು, ದಾಖಲೆ ಕೇಳುವುದನ್ನು ಅದು ತಡೆಯಲಿಲ್ಲ. ಹಾಗಾಗಿ ಇಲ್ಲದ ಕಾಗದವೇ ಸುರಕ್ಷಿತ ಕಾಗದ. ಹಾಜರಿಯಲ್ಲಿ ‘ಸಮುದಾಯ ಪ್ರತಿನಿಧಿ’ ಎಂದಷ್ಟೇ ಇರಲಿ. ಆ ಪದವನ್ನು ಅದೇ ಸಭೆಗೆ ಬಂದ ಮಹಿಳಾ ಸಂಘದವರಿಗೂ ಪಾಲಕರಿಗೂ ಬಳಸಿದರೆ ಇನ್ನೂ ಒಳ್ಳೆಯದು, ಯಾರು ಯಾರೆಂದು ಪಟ್ಟಿ ನೋಡಿದವರಿಗೆ ತಿಳಿಯುವುದಿಲ್ಲ. ಫೋಟೊಗೆ ಸಭೆಯ ಆರಂಭದಲ್ಲಲ್ಲ, ಪ್ರತಿ ಬಾರಿ ಕ್ಯಾಮೆರಾ ಎತ್ತುವಾಗಲೂ ಒಪ್ಪಿಗೆ ಕೇಳಬೇಕು. ಸಂಜೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುವ ‘ಗ್ರೂಪ್ ಫೋಟೊ’ ಇದೆಯಲ್ಲ, ಅತಿ ಹೆಚ್ಚು ಹಾನಿ ಮಾಡುವುದು ಅದೇ. ಅದನ್ನು ಹಾಕುವವರು ಸಾಮಾನ್ಯವಾಗಿ ಸಂಘಟಕರೇ.

ಇಲ್ಲಿ ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಎಚ್‌ಐವಿ ಹರಡುವ ಅಪಾಯ ತಗ್ಗಿಸಲು ಮಾಡುವ ಕೆಲಸ ಅಪರಾಧವಲ್ಲ ಎಂದು ಅದರ 22ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಶುದ್ಧ ಸಿರಿಂಜು ಹಂಚುವುದೂ ಬದಲಿ ಔಷಧ ಕೊಡುವುದೂ ಅದರಲ್ಲಿ ಸೇರಿವೆ. ಪೀರ್ ಎಜುಕೇಟರ್‌ನ ಚೀಲದಲ್ಲಿರುವ ಸಿರಿಂಜಿಗೆ ಈ ಕಲಂ ರಕ್ಷಣೆ. ಆದರೆ ಚೌಕಿಯಲ್ಲಿ ನಿಲ್ಲಿಸಿದ ಪೇದೆಗೆ 22ನೇ ಕಲಂ ಬಾಯಿಪಾಠ ಇರುವುದಿಲ್ಲ. ಕೆಲಸಕ್ಕೆ ಕಳಿಸುವ ಸಂಸ್ಥೆ ಗುರುತಿನ ಚೀಟಿ ಕೊಟ್ಟರಷ್ಟೇ ಸಾಲದು. ಚೀಟಿಯ ಹಿಂದೆ ಆ ಕಲಮಿನ ಕನ್ನಡ ಸಾರ ಅಚ್ಚಾಗಿರಬೇಕು, ವಕೀಲರ ನಂಬರಿರಬೇಕು, ಠಾಣೆಗೆ ಮೊದಲೇ ಪತ್ರ ಹೋಗಿರಬೇಕು. ಚೀಟಿಯ ಮುಂಭಾಗದಲ್ಲಿ ‘ಮಾದಕ ವ್ಯಸನಿಗಳ ಯೋಜನೆ’ ಎಂಬ ಅಚ್ಚು ಇರಲೇಬಾರದು. ಮನೆ ಬಾಡಿಗೆ ಕೊಟ್ಟವರು ಓದುವುದು ಮುಂಭಾಗವನ್ನೇ.

ದುಡ್ಡಿನ ಮಾತಿಗೆ ಬಂದರೆ ಎಲ್ಲರ ನೀತಿಪ್ರಜ್ಞೆಯೂ ಒಮ್ಮೆಲೇ ಎಚ್ಚರವಾಗುತ್ತದೆ. ‘ನಗದು ಕೊಟ್ಟರೆ ಚುಚ್ಚಿಕೊಳ್ಳುವುದಕ್ಕೇ ಖರ್ಚು ಮಾಡ್ತಾರೆ’ ಎಂಬ ಮಾತು ಪ್ರತಿ ಬಜೆಟ್ ಚರ್ಚೆಯಲ್ಲೂ ಏಳುತ್ತದೆ. ಸಲಹೆಗಾರರ ಶುಲ್ಕ ಬಾರಿಗೆ ಹೋಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಮಾದಕ ವ್ಯಸನದ ಚಿಕಿತ್ಸೆಯಲ್ಲಿರುವವರಿಗೆ ಸಂಶೋಧನೆಯ ಭೇಟಿಗಾಗಿ 10, 40 ಅಥವಾ 70 ಡಾಲರನ್ನು, ಕೆಲವರಿಗೆ ನಗದಾಗಿ, ಕೆಲವರಿಗೆ ಅಂಗಡಿ ಕೂಪನ್ನಾಗಿ, ಚೀಟಿ ಎತ್ತಿದಂತೆ ಹಂಚಿದರು. ಮೊತ್ತ ಹೆಚ್ಚಾದುದರಿಂದಾಗಲಿ ನಗದಾದುದರಿಂದಾಗಲಿ ಹೊಸದಾಗಿ ಬಳಸುವುದು ಹೆಚ್ಚಲಿಲ್ಲ. ಮರಳಿ ಬರುವವರ ಸಂಖ್ಯೆ ಮಾತ್ರ ಹೆಚ್ಚಿತು. ಕೂಪನ್ನಿಗೆ ನಮ್ಮ ಬೀದಿಗಳಲ್ಲಿ ಇನ್ನೊಂದು ಕಷ್ಟ: 200 ರೂಪಾಯಿಯ ಕೂಪನ್ನು ಮೂಲೆಯಂಗಡಿಯಲ್ಲಿ 120ಕ್ಕೆ ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳಿ. ನೀವು ಉಳಿಸಿದ ನೀತಿಯ ಬೆಲೆ 80 ರೂಪಾಯಿ, ತೆತ್ತವರು ಬಡವರು.

ಲೆಕ್ಕ ಹೀಗೆ ಹಾಕಿ. ಒಬ್ಬರು ಲೋಡಿಂಗ್ ಕೆಲಸಕ್ಕೆ ಹೋಗಿ ದಿನಕ್ಕೆ 700 ರೂಪಾಯಿ ದುಡಿಯುತ್ತಾರೆ ಎನ್ನೋಣ. ಸಭೆಗೆ ಬಂದರೆ ಆ 700 ಹೋಯಿತು. ಬಸ್ಸು ಹೋಗಿ ಬರಲು 160, ದಾರಿಯ ತಿಂಡಿ 60. ಮನೆಯಲ್ಲಿ ಚಿಕ್ಕ ಮಗುವಿದ್ದು ನೋಡಿಕೊಳ್ಳಲು ಯಾರನ್ನಾದರೂ ಕೂರಿಸಿದರೆ ಇನ್ನೊಂದು 200. ಸಂಘಟಕರು ‘ಟಿಎ 150, ಊಟ ಉಚಿತ’ ಎಂದರೆ ಆ ಸಭೆಗೆ ಬರಲು ಅವರು ಕೈಯಿಂದ 970 ರೂಪಾಯಿ ಹಾಕಿದಂತಾಯಿತು. ಅದೇ ಮೇಜಿನ ಇನ್ನೊಂದು ಬದಿಯಲ್ಲಿರುವವರಿಗೆ ಆ ದಿನದ ಸಂಬಳ ಇದ್ದೇ ಇದೆ. ಕೂಲಿ, ಪ್ರಯಾಣ, ಆರೈಕೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬಜೆಟ್‌ಗೆ ಹಾಕಬೇಕು. ಒಟ್ಟಾಗಿ ‘ಸಮುದಾಯ ಸಹಭಾಗಿತ್ವ’ ಎಂದು ಒಂದೇ ಸಾಲು ಬರೆದರೆ ಮೊದಲ ಕತ್ತರಿ ಅದಕ್ಕೇ ಬೀಳುತ್ತದೆ. ಪ್ರಯಾಣದ ಹಣ ಹಿಂದಿನ ದಿನವೇ ಕೈಗೆ ಸೇರಬೇಕು. ‘ಬಿಲ್ಲು ಕೊಡಿ, ತಿಂಗಳಲ್ಲಿ ಖಾತೆಗೆ ಹಾಕ್ತೀವಿ’ ಎಂಬುದು ಸಾಲ ಮಾಡಿ ಬಾ ಎಂದಂತೆ. ಎಷ್ಟೋ ಜನರ ಬ್ಯಾಂಕ್ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿರುತ್ತದೆ, ಆಧಾರ್ ಕಾರ್ಡು ಯಾವುದೋ ಲಾಡ್ಜಿನಲ್ಲಿ ಅಡವಿರುತ್ತದೆ. ಹೀಗಾಗಿ ನಗದು ಕೊಡುವ ಪದ್ಧತಿಗೆ ಹಣ ಕೊಡುವವರಿಂದಲೂ ಆಡಿಟರಿಂದಲೂ ವರ್ಷದ ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿರಬೇಕು: ವೋಚರಿನಲ್ಲಿ ಸಂಕೇತ ಸಂಖ್ಯೆ, ಎರಡು ಸಾಕ್ಷಿ ಸಹಿ, ಸಂಖ್ಯೆಗೂ ಹೆಸರಿಗೂ ಕೊಂಡಿಯಾಗುವ ಒಂದೇ ಹಾಳೆ, ಬೀಗದಲ್ಲಿ, ಇಂಥ ದಿನ ನಾಶ ಎಂದು ದಿನಾಂಕ ಸಮೇತ. ವರ್ಷದ ಕೊನೆಗೆ ಕೇಳಿದರೆ ಆಡಿಟರು ಒಪ್ಪುವುದಿಲ್ಲ, ಅವರ ತಪ್ಪೂ ಅಲ್ಲ.

ಪೀರ್ ಎಜುಕೇಟರ್‌ಗೆ ಕೊಡುವುದಕ್ಕೆ ‘ಸಂಬಳ’ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಈ ಪದದ ಬಗ್ಗೆ ನನಗೆ ಗುಮಾನಿ. ನಮ್ಮಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೂ ಇದೇ ಪದ. ಗೌರವ ಎಂಬ ಮಾತು ಬಂದಲ್ಲಿ ಪಿಎಫ್‌ನಂಥ ಸೌಲಭ್ಯಗಳು ಸಾಮಾನ್ಯವಾಗಿ ಕಾಣೆಯಾಗಿರುತ್ತವೆ.

ಇನ್ನು ಹೆಚ್ಚು ಜಗಳವಿರುವ ಪ್ರಶ್ನೆ: ಬಿಟ್ಟವರನ್ನೋ, ಬಳಸುತ್ತಿರುವವರನ್ನೋ? ಕನ್ನಡನಾಡಿನ ಮನಸ್ಸು ಇದನ್ನು ಎಂದೋ ತೀರ್ಮಾನಿಸಿದೆ. ಮದ್ಯವರ್ಜನ ಶಿಬಿರದ ಕೊನೆಯ ದಿನ ಬಿಟ್ಟವರಿಗೆ ಹಾರ ಹಾಕುತ್ತೇವೆ, ಮೈಕು ಕೊಡುತ್ತೇವೆ. ಬಿಟ್ಟವರು ಸೇರಿ ಕಟ್ಟಿಕೊಂಡ ನವಜೀವನ ಸಮಿತಿಗಳು ಒಬ್ಬರಿಗೊಬ್ಬರು ಊರುಗೋಲಾಗಿ ನಿಲ್ಲುತ್ತವೆ. ಅದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಇನ್ನೂ ಕುಡಿಯುವವರಿಗೆ ಏನು ಬೇಕು ಎಂಬ ಪ್ರಶ್ನೆಗೆ ಹತ್ತು ವರ್ಷದ ಹಿಂದೆ ಬಿಟ್ಟವರು ಕೊಡುವ ಉತ್ತರ ಬೇರೆ, ನಿನ್ನೆ ಕುಡಿದವರು ಕೊಡುವ ಉತ್ತರ ಬೇರೆ. ಬಿಟ್ಟವರು ಬಿಡುವ ದಾರಿಯನ್ನು ಬಲ್ಲರು. ಈಗ ಬೀದಿಗೆ ಬಂದಿರುವ ಮಾಲು ಏನು, ಯಾವ ಅಂಗಡಿ ಸಿರಿಂಜು ಕೊಡುವುದಿಲ್ಲ, ಯಾವ ಸೇತುವೆ ಕೆಳಗೆ ರಾತ್ರಿ ಪೊಲೀಸರು ಬರುತ್ತಾರೆ ಎಂಬುದು ಇಂದಿನವರಿಗೆ ಗೊತ್ತು. ಇಬ್ಬರೂ ಬೇಕು, ಆದರೆ ಒಬ್ಬರ ಬದಲಿಗೆ ಇನ್ನೊಬ್ಬರನ್ನು ಕೂರಿಸಿ ಲೆಕ್ಕ ತುಂಬಿಸಬಾರದು. ಬಿಟ್ಟವರಿಗೆ ಮಾತ್ರ ಕೆಲಸ ಎಂಬ ನಿಯಮವಿದ್ದಲ್ಲಿ ಇನ್ನೊಂದು ಕೇಡೂ ಉಂಟು. ಮತ್ತೆ ಜಾರಿದವರು ಬಾಯಿ ಬಿಡುವುದಿಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸ ಉಳಿಸಿಕೊಳ್ಳಲು ಒಬ್ಬರೇ, ಬಾಗಿಲು ಹಾಕಿಕೊಂಡು ಬಳಸುತ್ತಾರೆ. ಕೆಲಕಾಲ ನಿಲ್ಲಿಸಿದವರ ದೇಹ ಹಳೆಯ ಪ್ರಮಾಣ ತಡೆಯುವುದಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಓವರ್‌ಡೋಸ್ ಸಾವುಗಳಿಗೆ ಇದು ಮುಖ್ಯ ಕಾರಣಗಳಲ್ಲೊಂದು.

‘ಯೂರಿನ್ ಟೆಸ್ಟ್ ಮಾಡಿಸೋಣ’ ಎಂಬ ಸಲಹೆ ಬರುತ್ತದೆ. ದಿನಾ ಗಾಂಜಾ ಸೇದುವವರ ಮೂತ್ರದಲ್ಲಿ ಅದರ ಗುರುತು ನಿಲ್ಲಿಸಿ ಮೂರು ನಾಲ್ಕು ವಾರವಾದರೂ ಸಿಗಬಹುದು. ಹೆರಾಯಿನ್ನಿನದು ಎರಡು ಮೂರು ದಿನದಲ್ಲಿ ಹೋಗುತ್ತದೆ. ನಿನ್ನೆ ರಾತ್ರಿ ಅಳತೆ ಮೀರಿ ಕುಡಿದು ಇವತ್ತು ಕೈ ನಡುಗುವವರು ಸಾಮಾನ್ಯ ಕಿಟ್‌ನಲ್ಲಿ ಪಾಸಾಗುತ್ತಾರೆ. ಆ ಪರೀಕ್ಷೆ ಅಳೆಯುವುದು ಹಿಂದೆ ಬಳಸಿದ್ದನ್ನು, ಇಂದಿನ ಕೆಲಸದ ಯೋಗ್ಯತೆಯನ್ನಲ್ಲ. ನಿಯಮ ಕೆಲಸದ ಬಗ್ಗೆ ಇರಲಿ: ಹೇಳಿದ ಹೊತ್ತಿಗೆ ಹೇಳಿದ ಹಾಟ್‌ಸ್ಪಾಟಿನಲ್ಲಿ (ಬಳಕೆದಾರರು ಸೇರುವ ಜಾಗದಲ್ಲಿ) ಇರಬೇಕು; ಸೇವೆ ಪಡೆಯುವವರಿಗೆ ಮಾರುವುದು, ಅವರಿಂದ ಕೊಳ್ಳುವುದು, ಸಾಲ ಮಾಡುವುದು ಇಲ್ಲ; ನಿಲ್ಲಲಾಗದ ಸ್ಥಿತಿಯಲ್ಲಿ ಬಂದರೆ ಆ ದಿನ ಮನೆಗೆ, ಮಾತುಕತೆ ಮರುದಿನ. ಎಷ್ಟು ಬಾರಿಯಾದರೆ ಏನು ಕ್ರಮ ಎಂಬುದು ಮೊದಲೇ ಬರೆದಿರಬೇಕು. ಕಚೇರಿಯಲ್ಲಿ ಕುಡಿದು ಬರುವ ಅಕೌಂಟೆಂಟಿಗೂ ಅದೇ ನಿಯಮ ಇರಬೇಕು. ಚಿಕಿತ್ಸೆಗೆ ಹೋದರೆ ಹುದ್ದೆ ಕಾದಿರುತ್ತದೆ ಎಂಬ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಮಾತು. ಸ್ವಂತ ಇಚ್ಛೆಯಿಂದ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಸೇರಿದವರಿಗೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನ ಮೊಕದ್ದಮೆಯಿಂದ 64ಎ ಕಲಂ ವಿನಾಯಿತಿ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂದಕ್ಕೂ ತೆಗೆದುಕೊಳ್ಳಬಹುದು. ವ್ಯಸನದಲ್ಲಿ ಜಾರುವುದು ಸಾಮಾನ್ಯ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಕಾನೂನು ಮಾತ್ರ ಒಂದೇ ನೆಗೆತಕ್ಕೆ ದಡ ಸೇರು ಎನ್ನುತ್ತದೆ.

ಸಂಶೋಧನೆಯಲ್ಲಿ ಈ ತೊಡಕುಗಳು ಇನ್ನಷ್ಟು ಸೂಕ್ಷ್ಮ. ಕಣ್ಣಿಗೆ ಕಾಣದ ಸಮುದಾಯಗಳನ್ನು ತಲುಪಲು 1997ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಾಥಾರ್ನ್ ಒಂದು ವಿಧಾನ ರೂಪಿಸಿದರು, ಕನೆಕ್ಟಿಕಟ್‌ನ ಚುಚ್ಚಿಕೊಳ್ಳುವವರ ನಡುವೆ ಕೆಲಸ ಮಾಡುತ್ತಲೇ. ಆರ್‌ಡಿಎಸ್ ಎಂದು ಅದರ ಹೆಸರು. ಸಂದರ್ಶನ ಕೊಟ್ಟವರಿಗೆ ಒಂದಿಷ್ಟು ಹಣ, ಜತೆಗೆ ಸಾಮಾನ್ಯವಾಗಿ ಮೂರು ಕೂಪನ್. ಆ ಕೂಪನ್ ಹಿಡಿದು ಪರಿಚಯದವರು ಬಂದರೆ ಕಳಿಸಿದವರಿಗೆ ಇನ್ನಷ್ಟು. ನಮ್ಮ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇದನ್ನು ಬಳಸಿತು. ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ವಸ್ತು ಬಳಸುತ್ತಾರೆ, ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು ಎಲ್ಲರೂ ಉಲ್ಲೇಖಿಸುವ ಅಂಕಿಗಳು ಅದರವೇ. ಮನೆಮನೆ ಸಮೀಕ್ಷೆಯ ಜತೆಗೆ 135 ಜಿಲ್ಲೆಗಳಲ್ಲಿ 72,642 ವ್ಯಸನಿಗಳನ್ನು ಹೀಗೆ ಒಬ್ಬರ ಕೈಯಿಂದ ಒಬ್ಬರನ್ನು ಹಿಡಿದು ಮಾತಾಡಿಸಲಾಯಿತು. ಅಂದರೆ ಮಾದಕ ನೀತಿಯ ಬಗ್ಗೆ ಯಾವ ಅಧಿಕಾರಿ ಮಾತಾಡಿದರೂ ಅವರ ಕೈಯಲ್ಲಿರುವ ಅಂಕಿಯ ಹಿಂದೆ ಬಳಕೆದಾರರ ಕೆಲಸ ಇದೆ.

ಈ ವಿಧಾನ ಎಲ್ಲಿ ಕೆಡುತ್ತದೆ ಎಂಬುದು ಅದನ್ನು ನಡೆಸಿದವರಿಗೆಲ್ಲ ಗೊತ್ತು. ಕೂಪನ್ ಮಾರಾಟಕ್ಕೆ ಬರುತ್ತದೆ. ಬಳಸದವರೂ ತೋಳಿನ ಗಾಯ ತೋರಿಸಿ ಒಳಗೆ ಬರುತ್ತಾರೆ. ಇವು ಅಂಕಿಯ ತೊಂದರೆ, ಸಹಿಸಬಹುದು. ನೀತಿಯ ತೊಂದರೆ ಎಂದರೆ ಬಲವಂತ. ಸಾಲ ಕೊಟ್ಟವನು ‘ನನ್ನ ಕೂಪನ್ ಹಿಡ್ಕೊಂಡು ಹೋಗು’ ಎಂದರೆ ಇಲ್ಲ ಎನ್ನುವುದು ಹೇಗೆ? ಕಳಿಸಿದವರಿಗೆ ಸಿಗುವ ಮೊತ್ತವನ್ನು ಸಂದರ್ಶನ ಕೊಡುವವರ ಮೊತ್ತಕ್ಕಿಂತ ಕಡಿಮೆ ಇಡುವುದು, ‘ಯಾರಾದರೂ ಒತ್ತಾಯ ಮಾಡಿದರೇ’ ಎಂದು ಒಂಟಿಯಾಗಿ ಕೇಳುವುದು, ಹೌದೆಂದರೆ ಹಣ ಕೊಟ್ಟು ಸಂದರ್ಶನವಿಲ್ಲದೆ ಕಳಿಸುವುದು: ಇಷ್ಟಾದರೂ ಬೇಕು. ಒಪ್ಪಿಗೆ ಕೇಳುವ ಹೊತ್ತೂ ಮುಖ್ಯ. ಮತ್ತಿನಲ್ಲಿರುವವರ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಮತ್ತು ಇಳಿದು ಮೈ ನೋಯುತ್ತಿರುವವರು ಹಣಕ್ಕಾಗಿ ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾರೆ ಎಂಬುದು ಹೊಳೆಯುವುದಿಲ್ಲ. ಅಪಾಯ ಹೆಚ್ಚಿರುವುದು ಅಲ್ಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಯಾಣ ಮತ್ತು ಕೂಲಿ ನಷ್ಟ ಭರಿಸಲು ಒಪ್ಪುತ್ತದೆ, ಆಮಿಷವಾಗುವಷ್ಟು ಕೊಡಬೇಡಿ ಎನ್ನುತ್ತದೆ. ಎಷ್ಟು ಕೊಟ್ಟರೆ ಆಮಿಷ ಎಂಬುದನ್ನು ನೈತಿಕ ಸಮಿತಿಯ ಕೋಣೆಯಲ್ಲಿ ಊಹಿಸುವುದಕ್ಕಿಂತ ಬಳಕೆದಾರರ ಗುಂಪಿನಲ್ಲಿ ಕೇಳುವುದು ವಾಸಿ. ನೆರೆಯ ಬೀದಿಯವರನ್ನೇ ಸಂದರ್ಶಕರನ್ನಾಗಿ ಮಾಡಿದರೆ ಬಾಗಿಲು ತೆರೆಯುತ್ತದೆ ನಿಜ, ಆದರೆ ಕೇಳಿದ ಗುಟ್ಟಿನ ಜತೆ ಅವರು ಅದೇ ಬೀದಿಯಲ್ಲಿ ಬದುಕಬೇಕು. ತಮ್ಮ ಹಾಟ್‌ಸ್ಪಾಟಿನಲ್ಲಿ ಕೆಲಸ ಬೇಡ, ಪಕ್ಕದ್ದರಲ್ಲಿ ಮಾಡಲಿ ಎಂಬ ಸರಳ ಅದಲುಬದಲು ಇದಕ್ಕೆ ಮದ್ದು. ವರದಿಯಲ್ಲಿ ಹೆಸರು ಬೇಕೇ, ಬೇಡವೇ ಎಂದು ಅವರನ್ನೇ ಕೇಳಿ. ಕೃತಜ್ಞತೆಯ ಪುಟದಲ್ಲಿ ‘ಮಾಹಿತಿ ನೀಡಿದ ಎಲ್ಲ ವ್ಯಸನಿ ಬಾಂಧವರಿಗೆ’ ಎಂದು ಬರೆದವರೂ ಇದ್ದಾರೆ.

ಒಬ್ಬರನ್ನೇ ಕರೆಯಬೇಡಿ. ಹನ್ನೆರಡು ಜನರ ಸಮಿತಿಯಲ್ಲಿ ಒಬ್ಬ ಬಳಕೆದಾರ ಎಂದರೆ ಅವರು ಇಡೀ ಕುಲಕ್ಕೆ ಉತ್ತರ ಹೇಳಬೇಕಾದ ಆರೋಪಿ. ಕಡಿಮೆಯೆಂದರೆ ಇಬ್ಬರು, ಸಾಧ್ಯವಾದರೆ ಮೂವರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಚುಚ್ಚಿಕೊಳ್ಳುವ ಹೆಂಗಸರ ಕಷ್ಟವನ್ನು ಗಂಡಸರ ಸಂಘ ಹೇಳಲಾರದು: ಮಕ್ಕಳನ್ನು ಕಿತ್ತುಕೊಳ್ಳುವ ಭಯ, ಪುರುಷರೇ ತುಂಬಿದ ಡ್ರಾಪ್-ಇನ್ ಸೆಂಟರಿಗೆ ಕಾಲಿಡಲಾಗದ ಸಂಕೋಚ, ಸೂಜಿಯೂ ಮಾಲೂ ಗಂಡನ ಕೈಯಲ್ಲಿರುವ ಮನೆ. ಪ್ರತಿನಿಧಿಯನ್ನು ಸಂಸ್ಥೆ ಆರಿಸಬಾರದು. ಸಂಸ್ಥೆ ಆರಿಸಿದರೆ ಸಂಸ್ಥೆಯ ಮಾತನ್ನೇ ಆಡುವವರು ಬರುತ್ತಾರೆ. ಸೆಂಟರಿನಲ್ಲಿ ಸಭೆ ಸೇರಿ, ಕೈ ಎತ್ತಿಸದೆ ಚೀಟಿ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ‘ಎಲ್ಲ ಸಭೆಗೂ ಅದೇ ಮುಖ’ ಎಂಬ ರೋಗ ತಕ್ಕಮಟ್ಟಿಗೆ ತಗ್ಗುತ್ತದೆ. ಕಾಗದಪತ್ರ ಒಂದು ವಾರ ಮೊದಲೇ ಕನ್ನಡದಲ್ಲಿ ಸಿಗಬೇಕು, ಹಿಂದಿನ ದಿನ ಒಂದು ಗಂಟೆ ಕೂತು ಅದನ್ನು ಓದಿ ಹೇಳಬೇಕು. ಓದಲು ಬಾರದವರಿಗಷ್ಟೇ ಅಲ್ಲ, ‘ಲಾಗ್‌ಫ್ರೇಮ್’ ಎಂದರೆ ಏನೆಂದು ತಿಳಿಯದ ಎಲ್ಲರಿಗೂ. ಸಭೆಯ ನಡಾವಳಿಯಲ್ಲಿ ಅವರ ಸಲಹೆ ಏನಾಯಿತು ಎಂಬುದು ಇರಲಿ. ಒಪ್ಪಿದಿರೋ, ಬಿಟ್ಟಿರೋ, ಬಿಟ್ಟರೆ ಯಾಕೆ. ಒಪ್ಪದಿರುವುದು ಅವಮಾನವಲ್ಲ, ಉತ್ತರ ಕೊಡದಿರುವುದು ಅವಮಾನ.

ಕರ್ನಾಟಕದಲ್ಲಿ ಇದಕ್ಕೆ ಮಾದರಿ ಇಲ್ಲವೆಂದಲ್ಲ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತರು ಪೀರ್ ಎಜುಕೇಟರ್‌ಗಳಾಗಿ ಶುರು ಮಾಡಿ ಕಾರ್ಯಕ್ರಮವನ್ನೇ ನಡೆಸುವ ಹಂತಕ್ಕೆ ಬಂದರು. ಮಾದಕ ವಸ್ತುವಿನ ವಿಷಯಕ್ಕೆ ಬಂದಾಗ ಮಾತ್ರ ಇಲ್ಲಿ ಪೊಲೀಸ್ ಪತ್ರಿಕಾಗೋಷ್ಠಿ, ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಶಾಲಾ ಪ್ರತಿಜ್ಞೆ, ನಡುವೆ ಹೆಚ್ಚೇನೂ ಕಾಣುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ಒಂದು ಬಾಗಿಲು ತೆರೆದೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಇರುವ ಅಥವಾ ಇದ್ದವರ ಪ್ರತಿನಿಧಿಗಳಿಗೆ ಎರಡು ಸ್ಥಾನ, ಆರೈಕೆ ಮಾಡುವವರ ಪ್ರತಿನಿಧಿಗಳಿಗೆ ಎರಡು ಸ್ಥಾನ ಮೀಸಲು. ವ್ಯಸನದ ಅನುಭವ ಇರುವವರನ್ನು ಆ ಸ್ಥಾನಕ್ಕೆ ಹೆಸರಿಸಲು ಹೊಸ ಕಾನೂನು ಬೇಕಿಲ್ಲ.

ಕೊನೆಗೆ ಯೋಜನೆ ಮುಗಿಯುವ ದಿನ. ಅನುದಾನ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಕಚೇರಿಯವರಿಗೆ ಬೇರೆ ಸಂಸ್ಥೆ ಸಿಗುತ್ತದೆ. ಐದು ವರ್ಷ ಬೀದಿಯಲ್ಲಿ ದುಡಿದ ಪೀರ್‌ಗೆ ಮೂರು ತಿಂಗಳ ಮೊದಲೇ ತಿಳಿಸಬೇಕು, ಬಾಕಿ ಗೌರವಧನವನ್ನು ಅದೇ ವಾರ ಮುಗಿಸಬೇಕು. ಅನುಭವ ಪತ್ರ ಬರೆಯುವಾಗ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನಮೂನೆ ಇರುತ್ತದೆ: ‘ಮಾದಕ ವ್ಯಸನಿಗಳ ಯೋಜನೆಯಲ್ಲಿ ಪೀರ್ ಎಜುಕೇಟರ್’. ಆ ಕಾಗದವನ್ನು ಅವರು ಯಾವ ಆಸ್ಪತ್ರೆಗೂ ಯಾವ ಫ್ಯಾಕ್ಟರಿ ಗೇಟಿಗೂ ತೋರಿಸಲಾರರು. ‘ಸಮುದಾಯ ಆರೋಗ್ಯ ಕಾರ್ಯಕರ್ತರು’ ಎಂದು ಬರೆಯಿರಿ. ಎಷ್ಟು ಜನರನ್ನು ಆಸ್ಪತ್ರೆಗೆ ಸೇರಿಸಿದರು, ಎಷ್ಟು ಸಭೆ ನಡೆಸಿದರು, ಯಾವ ರಿಜಿಸ್ಟರು ಇಟ್ಟರು ಎಂಬುದನ್ನು ಸೇರಿಸಿ. ಸಹಿ ಹಾಕುವ ಮುನ್ನ ಕರಡನ್ನು ಅವರ ಕೈಗೆ ಕೊಟ್ಟು, ಯಾವ ಪದ ತೆಗೆಯಬೇಕು ಎಂದು ಕೇಳಿ.